ಬುಲೆಟ್ಟಿನ ಬೆಂಡ್ ಪೈಪಿಗೆ ಯಾವ ಬಣ್ಣ? ನಾಲ್ಕು ಮಳೆಗಾಲ ಕಂಡ ಮೇಲಿನ ಮಾತು

ನಮ್ಮ ಮನೆಯ 1994ರ ಬುಲೆಟ್ 350ರ ಎಂಜಿನ್ನಿಗೂ ಅದರ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಬೆಂಡ್ ಪೈಪಿಗೂ ಕಳೆದ ನಾಲ್ಕು ವರ್ಷಗಳಲ್ಲಿ ಮೂರು ಬಗೆಯ ಶಾಖ ತಡೆಯುವ ಬಣ್ಣಗಳನ್ನು ಹೊಡೆದು ನೋಡಿದ್ದೇನೆ. ಒಂದು ಅರ್ಧ ಗೆದ್ದಿತು, ಒಂದು ಪೂರ್ತಿ ಸೋತಿತು, ಮೂರನೆಯದು ಎರಡು ಮಳೆಗಾಲ ದಾಟಿ ಇನ್ನೂ ಪೈಪಿನ ಮೇಲಿದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ಡಿಗ್ರಿ ಸಂಖ್ಯೆಯನ್ನು ನೋಡಿ ಬಣ್ಣ ಆರಿಸುವುದು ಮಲೆನಾಡಿನಲ್ಲಿ ಕೆಲಸಕ್ಕೆ ಬಾರದ ಕ್ರಮವೆಂದು ಮನವರಿಕೆಯಾಗಲು ನನಗೆ ಇಷ್ಟು ಕಾಲ ಬೇಕಾಯಿತು. ನಮ್ಮಲ್ಲಿ ಬಣ್ಣಕ್ಕೆ ಬಿಸಿಗಿಂತ ಹೆಚ್ಚು ಕಾಟ ಕೊಡುವುದು ಆ ಬಿಸಿಯ ಮೇಲೆ ದಿನವಿಡೀ ಸುರಿಯುವ ಮಳೆ.

ಮೊದಲು ಗಾಡಿಯ ವಿಷಯ. ಇದು ಹಳೆಯ ಕ್ಯಾಸ್ಟ್ ಐರನ್ ಎಂಜಿನ್. ಇದರ ಹೆಡ್, ಎಂದರೆ ಮೇಲಿನ ತಲೆಭಾಗ, ಅಲ್ಯೂಮಿನಿಯಮ್ಮಿನದು; ಅದರ ಕೆಳಗೆ ಪಿಸ್ಟನ್ ಓಡಾಡುವ ಬ್ಲಾಕ್ ಬೀಡು ಕಬ್ಬಿಣದ್ದು. ಅಲ್ಯೂಮಿನಿಯಂ ಮೇಲಿನ ಬಣ್ಣ ಹೋದರೆ ಬೂದಿಯಂಥ ಬಿಳಿಪುಡಿ ಕಾಣಿಸಿಕೊಳ್ಳುತ್ತದೆ, ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೆ. ಬೀಡಿನ ಮೇಲಿನ ಬಣ್ಣ ಹೋದರೆ ಹಾಗಲ್ಲ. ಆರಿದ್ರಾ ಮಳೆ ಹಿಡಿದ ಒಂದೇ ವಾರದಲ್ಲಿ, ಗಾಳಿಗೆ ತಣಿಯಲೆಂದು ಬ್ಲಾಕಿನ ಸುತ್ತ ಇರುವ ರೆಕ್ಕೆಗಳ ಸಂದಿಯಿಂದ ಕೆಂಪು ನೀರು ಇಳಿದು ಕ್ರ್ಯಾಂಕ್ ಕೇಸಿನ ಮೇಲೆ ಗೀರು ಬೀಳುತ್ತದೆ. ನಾನು ಮಂಡಗದ್ದೆ ಕಡೆಯಿಂದ ಶಿವಮೊಗ್ಗಕ್ಕೆ ದಿನವೂ ಇದೇ ಗಾಡಿಯಲ್ಲಿ ಹೋಗಿಬರುವವನು. ಗಾಜನೂರು ದಾಟುವಷ್ಟರಲ್ಲಿ ಎಂಜಿನ್ ಚೆನ್ನಾಗಿ ಕಾದಿರುತ್ತದೆ, ಅಲ್ಲಿಂದ ಮುಂದೆ ಮುಂದಿನ ಚಕ್ರ ಎರಚಿದ ಕೆಸರು ನೀರು ನೇರವಾಗಿ ಬೆಂಡ್ ಪೈಪಿನ ಮೇಲೆ ಚುಂಯ್ ಎಂದು ಆವಿಯಾಗುತ್ತ ಬರುತ್ತದೆ. ಬಣ್ಣದ ಡಬ್ಬಿಯನ್ನು ಪರೀಕ್ಷಿಸುವ ಯಾವ ಕಾರ್ಖಾನೆಯ ಒಲೆಯಲ್ಲಿಯೂ ಈ ಚುಂಯ್ ಇರಲಾರದು.

ಎಲ್ಲಿ ಎಷ್ಟು ಬಿಸಿಯಾಗುತ್ತದೆಂದು ತಿಳಿಯದೆ ಬಣ್ಣ ಕೊಳ್ಳುವುದು ಅಳತೆ ಕೊಡದೆ ಅಂಗಿ ಹೊಲಿಸಿದಂತೆ. ಮೊದಲಿಗೆ ನಾನು ಕೊರೊನಾ ಕಾಲದಲ್ಲಿ ಮನೆಗೆ ತಂದಿದ್ದ ಹಣೆಗೆ ಹಿಡಿಯುವ ಥರ್ಮಾಮೀಟರನ್ನೇ ಎಂಜಿನ್ನಿಗೆ ಹಿಡಿದೆ. ಅದಕ್ಕೆ ಮನುಷ್ಯರ ಜ್ವರದಾಚೆಗೆ ಏನೂ ತಿಳಿಯದು, ‘ಹೈ’ ಎಂದು ತೋರಿಸಿ ಸುಮ್ಮನಾಯಿತು. ಆಮೇಲೆ ವರ್ಕ್‌ಶಾಪುಗಳಲ್ಲಿ ಬಳಸುವ ಇನ್‌ಫ್ರಾರೆಡ್ ಗನ್ ಒಂದನ್ನು ಗೆಳೆಯರಿಂದ ಎರವಲು ತಂದೆ. ಊರಿಂದ ಶಿವಮೊಗ್ಗ ತಲುಪಿ ನಿಲ್ಲಿಸಿದ ಕೂಡಲೇ ಅಳೆದರೆ ಬ್ಲಾಕಿನ ರೆಕ್ಕೆಗಳು 130ರಿಂದ 150 ಡಿಗ್ರಿ ಸೆಲ್ಸಿಯಸ್, ಹೆಡ್ಡಿನಲ್ಲಿ ಪ್ಲಗ್ಗಿನ ಪಕ್ಕ 170ರ ಆಸುಪಾಸು, ಸೈಲೆನ್ಸರಿನ ನಡುಭಾಗ 120. ಬೆಂಡ್ ಪೈಪ್ ಹೆಡ್ಡಿನಿಂದ ಹೊರಬೀಳುವ ಮೊದಲ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಮಾತ್ರ 300 ದಾಟಿತ್ತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಳೆಯುವ ಕ್ರೋಮಿಗೆ ಈ ಗನ್ ಹಿಡಿದರೆ ಅದು ಇರುವ ಬಿಸಿಗಿಂತ ಬಹಳ ಕಡಿಮೆ ತೋರಿಸುತ್ತದೆ, ಏಕೆಂದರೆ ಹೊಳಪು ಲೋಹ ತನ್ನ ಶಾಖವನ್ನು ಕಿರಣವಾಗಿ ಹೊರಬಿಡುವುದು ತೀರ ಅಲ್ಪ. ನನ್ನ ಹಳೆಯ ಕ್ರೋಮ್ ಬೆಂಡ್ 110 ಎಂದು ತೋರಿಸುತ್ತಿದ್ದಾಗಲೇ ಅದಕ್ಕೆ ತಾಗಿದ ರೈನ್‌ಕೋಟಿನ ಅಂಚು ಕರಗಿ ಅಂಟಿಕೊಂಡಿತ್ತು. ಮಬ್ಬು ಕಪ್ಪು ಬಣ್ಣ ಬಿದ್ದ ಮೇಲಷ್ಟೇ ಅಳತೆ ನಂಬುವಂತಾಯಿತು.

ಹೀಗೆ ನೋಡಿದರೆ ಒಂದೇ ಗಾಡಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಎಂಜಿನ್ನಿಗೆ 200ರಿಂದ 260 ಡಿಗ್ರಿ ತಡೆಯುವ ಬಣ್ಣ ಧಾರಾಳವಾಯಿತು, ಬೆಂಡ್ ಪೈಪಿಗೆ 600ರ ಮೇಲಿನದೇ ಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಎರಡಕ್ಕೂ ‘ಹೀಟ್‌ಪ್ರೂಫ್’ ಎಂಬ ಒಂದೇ ಹೆಸರು. ಅದರ ಜೊತೆಗೆ ಅಂಕಿಯ ಗೊಂದಲ ಬೇರೆ. ಅಮೆರಿಕದ ಡಬ್ಬಿಗಳಲ್ಲಿ ಫ್ಯಾರನ್‌ಹೀಟ್ ಲೆಕ್ಕ, ನಮ್ಮವುಗಳಲ್ಲಿ ಸೆಲ್ಸಿಯಸ್ ಲೆಕ್ಕ. 1200 ಎಂದು ಬರೆದಿರುವ ಸ್ಪ್ರೇ ಡಬ್ಬಿಯೂ 650 ಎಂದು ಬರೆದಿರುವುದೂ ಒಂದೇ ದರ್ಜೆಯವು. 500 ಎಂದಿರುವ ಎಂಜಿನ್ ಎನಾಮೆಲ್ ನಮ್ಮ ಲೆಕ್ಕದಲ್ಲಿ 260 ಮಾತ್ರ. ಅಂಕಿಯ ಮುಂದಿನ ಸಣ್ಣ ‘ಎಫ್’ ಅಥವಾ ‘ಸಿ’ಯನ್ನು ಓದದೆ 500ರ ಡಬ್ಬಿಯನ್ನು ಬೆಂಡ್ ಪೈಪಿಗೆ ಹೊಡೆದು, ಕಂಪನಿಯನ್ನು ಬೈದವರನ್ನು ನಾನು ನೋಡಿದ್ದೇನೆ. ಅಂಕಿಯ ಪಕ್ಕದಲ್ಲೇ ಇರುವ ಇನ್ನೊಂದು ಮಾತನ್ನೂ ಓದಬೇಕು: ಆ ಬಿಸಿ ಸದಾಕಾಲದ್ದೋ, ಆಗೊಮ್ಮೆ ಈಗೊಮ್ಮೆ ಏರಿ ಇಳಿಯುವುದೋ ಎಂಬುದು ಅಲ್ಲಿರುತ್ತದೆ.

ನಾನು ಮೊದಲು ಕೊಂಡದ್ದು ಬ್ರಷ್ಷಿನಲ್ಲಿ ಹಚ್ಚುವ ಅಲ್ಯೂಮಿನಿಯಂ ಬಣ್ಣ, ಜನ ಸಿಲ್ವರ್ ಪೇಂಟ್ ಎನ್ನುವುದು. ಬಾಯ್ಲರು, ಚಿಮಣಿ, ಬಿಸಿ ಪೈಪುಗಳಿಗೆಂದು ತಯಾರಾಗುವ ಇದು 200, 400, 600 ಡಿಗ್ರಿ ಸೆಲ್ಸಿಯಸ್ಸಿನ ದರ್ಜೆಗಳಲ್ಲಿ ಸಿಗುತ್ತದೆ. ಶಿವಮೊಗ್ಗ ಫೌಂಡ್ರಿಗಳ ಊರಾದ್ದರಿಂದ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದಕ್ಕೆ ಕೊರತೆಯಿಲ್ಲ. ನನಗೆ ಸಿಕ್ಕಿದ್ದು 200ರ ಡಬ್ಬಿ. ಇದರ ಗುಟ್ಟು ಅದರೊಳಗಿನ ಅಲ್ಯೂಮಿನಿಯಂ ಚಕ್ಕೆಗಳಲ್ಲಿದೆ. ಅವು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಹೊದ್ದು ಕುಳಿತು ನೀರಿಗೆ ದಾರಿ ಬಿಡುವುದಿಲ್ಲ. ಡಬ್ಬಿಯನ್ನು ತಳದವರೆಗೆ ಕೋಲಾಡಿಸದಿದ್ದರೆ ಚಕ್ಕೆಗಳೆಲ್ಲ ಕೆಳಗೆ ಕುಳಿತು, ಬ್ರಷ್ಷಿಗೆ ಬರಿಯ ಎಣ್ಣೆಯಂಥ ದ್ರವ ಹತ್ತುತ್ತದೆ. ಬ್ಲಾಕಿನ ಮೇಲೆ ಈ ಬಣ್ಣ ನಿಜಕ್ಕೂ ಚೆನ್ನಾಗಿ ನಿಂತಿತು. ರೆಕ್ಕೆಗಳ ನಡುವೆ ಸ್ಪ್ರೇ ಸರಿಯಾಗಿ ಇಳಿಯುವುದಿಲ್ಲ. ತೆಳ್ಳನೆಯ ಉದ್ದ ಕೂದಲಿನ ಬ್ರಷ್ ಇಳಿಯುತ್ತದೆ. ನಾಲ್ಕನೆಯ ವರ್ಷದಲ್ಲಿಯೂ ಕಿಕ್ಕರಿನ ಬದಿಯ ಕೆಳಗಿನ ಎರಡು ರೆಕ್ಕೆಗಳನ್ನು ಬಿಟ್ಟರೆ ಎಲ್ಲಿಯೂ ತುಕ್ಕು ಕಂಡಿಲ್ಲ. ಆದರೆ ಅದೇ ಉತ್ಸಾಹದಲ್ಲಿ ಬೆಂಡ್ ಪೈಪಿಗೂ ಬಳಿದದ್ದು ನನ್ನ ತಪ್ಪು. ಹೆಡ್ಡಿನ ಹತ್ತಿರದ ಭಾಗ ಎರಡೇ ದಿನದಲ್ಲಿ ಬೂದುಬಣ್ಣಕ್ಕೆ ತಿರುಗಿತು, ಬೆರಳಾಡಿಸಿದರೆ ಸುಣ್ಣದಂತೆ ಕೈಗೆ ಬಂತು. ಅದರಲ್ಲಿದ್ದ ಅಂಟು ಸುಟ್ಟುಹೋಗಿ ಲೋಹದ ಪುಡಿ ಮಾತ್ರ ಉಳಿದಿತ್ತು. ಡಬ್ಬಿಯ ದೋಷ ಇದರಲ್ಲಿ ಏನೂ ಇಲ್ಲ.

ರೆಕ್ಕೆಗಳಿಗೆ ಬಣ್ಣ ಹಚ್ಚಿದರೆ ಎಂಜಿನ್ ಕಾಯುವುದಿಲ್ಲವೇ ಎಂದು ಬಹಳ ಮಂದಿ ಕೇಳುತ್ತಾರೆ. ಕೂದಲೆಳೆಯಷ್ಟು ತೆಳ್ಳಗಿರುವ ಒಂದು ಪದರದಿಂದ ಗಾಳಿಗೆ ಶಾಖ ಬಿಡುವ ಕೆಲಸಕ್ಕೆ ಅಡ್ಡಿಯಾಗದು, ಮಬ್ಬು ಕಪ್ಪಾದರೆ ತುಸು ಅನುಕೂಲವೇ. ತೊಂದರೆ ಬರುವುದು ಪ್ರತಿ ವರ್ಷ ಹಬ್ಬಕ್ಕೆ ಗೋಡೆಗೆ ಸುಣ್ಣ ಹೊಡೆದಂತೆ ಹಳೆಯದರ ಮೇಲೆ ಹೊಸದನ್ನು ಬಳಿಯುತ್ತ ಹೋದಾಗ. ನಮ್ಮ ಬುಲೆಟ್ಟಿನ ಹಿಂದಿನ ಬಣ್ಣವನ್ನು ಕೆರೆದಾಗ ಒಂದರ ಕೆಳಗೊಂದು ಐದು ಪದರಗಳು ಬಂದವು, ನಡುವೆ ಒಂದು ಪದರ ಗೇಟಿಗೆ ಹೊಡೆಯುವ ಸಾಮಾನ್ಯ ಸಿಲ್ವರ್ ಆಗಿತ್ತು.

ಎರಡನೆಯದು ಮ್ಯಾಟ್ ಕಪ್ಪಿನ ಅಗ್ಗದ ಸ್ಪ್ರೇ ಡಬ್ಬಿ. 600 ಡಿಗ್ರಿ ಎಂದು ಬರೆದಿತ್ತು, ನೋಡಲು ಮುದ್ದಾಗಿತ್ತು. ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಏಕೆಂದರೆ ಸೋಲಿನಲ್ಲಿ ಡಬ್ಬಿಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಬೇರ್ಪಡಿಸಲು ಇಂದಿಗೂ ನನಗೆ ಸಾಧ್ಯವಾಗಿಲ್ಲ. ಅಂಗಡಿಯವರು ಕಬ್ಬಿಣಕ್ಕೆ ಪ್ರೈಮರ್ ಇಲ್ಲದೆ ಬಣ್ಣ ಹಿಡಿಯುವುದೇ ಇಲ್ಲವೆಂದು ರೆಡ್ ಆಕ್ಸೈಡ್ ಡಬ್ಬಿಯನ್ನೂ ಕೊಟ್ಟರು. ಕಿಟಕಿಯ ಸರಳಿಗೆ ಆ ಮಾತು ನೂರಕ್ಕೆ ನೂರು ನಿಜ. ಬೆಂಡ್ ಪೈಪಿನ ಮೇಲೆ ಮಾತ್ರ ಅದು ವಿಷ. ಮೇಲಿನ ಬಣ್ಣ 600 ಡಿಗ್ರಿ ತಡೆದರೂ ಕೆಳಗಿನ ರೆಡ್ ಆಕ್ಸೈಡಿನ ಅಂಟು ಅದರ ಅರ್ಧಕ್ಕೂ ಮೊದಲೇ ಸುಟ್ಟು ಕರಿಯಾಗುತ್ತದೆ, ಆಗ ಮೇಲಿನದು ನಿಲ್ಲುವುದು ಯಾವುದರ ಮೇಲೆ? ತೀರ್ಥಹಳ್ಳಿಯವರೆಗಿನ ಮೊದಲ ಓಟದಲ್ಲಿ ಹೊಗೆ ಬಂತು, ಎರಡನೆಯ ದಿನ ಬೊಬ್ಬೆ ಎದ್ದಿತು, ಮೊದಲ ದೊಡ್ಡ ಮಳೆಗೆ ಬಣ್ಣವು ಹಲಸಿನ ಹಪ್ಪಳದಷ್ಟು ಅಗಲದ ಹಕ್ಕಳೆಗಳಾಗಿ ಉದುರಿತು. ತುಕ್ಕಿನ ಗುಂಡಿ ಮುಚ್ಚಲು ಬಳಸುವ ಸಾಮಾನ್ಯ ಪುಟ್ಟಿಗೂ ಇದೇ ಗತಿ. ಶಾಖದ ಬಣ್ಣಕ್ಕೆ ಪ್ರೈಮರ್ ಬೇಕೇಬೇಕೆಂದಿದ್ದರೆ ಅದೇ ಕಂಪನಿಯ, ಅದೇ ಡಿಗ್ರಿಯ ಪ್ರೈಮರನ್ನೇ ಬಳಸಬೇಕು; ಇಲ್ಲವಾದರೆ ಉಜ್ಜಿ ಒರಟಾಗಿಸಿದ ಬರಿಯ ಲೋಹವೇ ಮೇಲು.

ಈ ಸೋಲಿನ ಬೇಸರದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಸುತ್ತಿ ಪೌಡರ್ ಕೋಟಿಂಗ್ ವಿಚಾರಿಸಿದೆ. ಲೋಹಕ್ಕೆ ವಿದ್ಯುತ್ ಆವೇಶ ಕೊಟ್ಟು ಬಣ್ಣದ ಪುಡಿ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿಯ ಒಲೆಯಲ್ಲಿ ಕರಗಿಸಿ ಹಿಡಿಸುವ ಕ್ರಮವಿದು. ಚಾಸಿ, ಫುಟ್‌ರೆಸ್ಟ್, ಕ್ರ್ಯಾಷ್ ಗಾರ್ಡುಗಳಿಗೆ ಇದಕ್ಕಿಂತ ಗಟ್ಟಿಯಾದುದನ್ನು ನಾನು ಕಂಡಿಲ್ಲ, ನನ್ನ ಸ್ಟ್ಯಾಂಡಿಗೆ ಮಾಡಿಸಿದ್ದು ಈಗಲೂ ಹೊಸದರಂತಿದೆ. ಆದರೆ ಯಾವ ಬಿಸಿಯಲ್ಲಿ ಕರಗಿ ಹುಟ್ಟಿತೋ ಅದಕ್ಕಿಂತ ನೂರು ಡಿಗ್ರಿ ಮೇಲೆ ದಿನವೂ ಕಾಯಬೇಕಾದ ಬೆಂಡ್ ಪೈಪಿಗೆ ಸಾಮಾನ್ಯ ಪೌಡರ್ ಕೋಟಿಂಗ್ ಹೊಂದುವುದಿಲ್ಲ. ಕೆಲಸಗಾರರೇ ಪ್ರಾಮಾಣಿಕವಾಗಿ ಬೇಡವೆಂದರು.

ಮೂರನೆಯ ಸಲ ಅಮೆರಿಕದ ವಿಎಚ್‌ಟಿ ಕಂಪನಿಯ ಫ್ಲೇಮ್‌ಪ್ರೂಫ್ ಎಂಬ ಡಬ್ಬಿಯನ್ನು ಆನ್‌ಲೈನಿನಲ್ಲಿ ತರಿಸಿದೆ. ಅಗ್ಗದ ಡಬ್ಬಿಯ ಮೂರು ಪಟ್ಟಿಗಿಂತ ಹೆಚ್ಚು ಬೆಲೆಯಾಯಿತು. ಇದರ ಮೇಲೆ 1300ರಿಂದ 2000 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 700ರಿಂದ 1093 ಡಿಗ್ರಿ ಸೆಲ್ಸಿಯಸ್ ಎಂದಿದೆ. ನನ್ನ ಪೈಪಿಗೆ ಅಷ್ಟರ ಅಗತ್ಯವೇ ಇಲ್ಲ. ನಾನು ಇದನ್ನು ಮೆಚ್ಚಿದ್ದು ಆ ಅಂಕಿಗಾಗಿ ಅಲ್ಲ, ಡಬ್ಬಿಯ ಬೆನ್ನ ಮೇಲೆ ಹೇಗೆ ಹೊಡೆಯಬೇಕು, ಹೇಗೆ ಬೇಯಿಸಬೇಕು ಎಂಬುದನ್ನು ಬಿಡಿಸಿ ಬರೆದಿರುವುದಕ್ಕಾಗಿ. ಇಂಥ ಬಣ್ಣಗಳ ಅಂಟು ಸಿಲಿಕೋನ್ ರಾಳ. ಸಾಮಾನ್ಯ ಎನಾಮೆಲ್ ಗಾಳಿಗೆ ಒಣಗಿ ಗಟ್ಟಿಯಾದರೆ ಇದು ಗಾಳಿಗೆ ಒಣಗಿದಂತೆ ನಟಿಸುತ್ತದೆ. ನಿಜವಾಗಿ ಗಟ್ಟಿಯಾಗುವುದು 200 ಡಿಗ್ರಿಯ ಆಚೀಚೆ ಬೆಂದಾಗ. ಇನ್ನೂ ಮೇಲಕ್ಕೆ ಹೋದರೆ ರಾಳದಲ್ಲಿನ ಇಂಗಾಲದ ಭಾಗ ಉರಿದುಹೋಗಿ ಸಿಲಿಕಾನ್ ಮತ್ತು ಆಮ್ಲಜನಕದ ಹಂದರ ಉಳಿಯುತ್ತದೆ, ಗಾಜಿಗೂ ಮರಳಿಗೂ ಇರುವ ಹಂದರವೇ ಅದು. ಬಣ್ಣದ ಕಣಗಳನ್ನು ಪೈಪಿಗೆ ಕಚ್ಚಿಸಿ ಹಿಡಿಯುವುದು ಆ ಹಂದರ. ಶಾಖದ ಬಣ್ಣಗಳಲ್ಲಿ ಕಪ್ಪು, ಬೂದು, ಸಿಲ್ವರುಗಳೇ ಹೆಚ್ಚಾಗಿರುವುದಕ್ಕೂ ಇದೇ ಬಿಸಿ ಕಾರಣ. ಕಣ್ಣು ಕುಕ್ಕುವ ಕೆಂಪು, ಹಳದಿಗಳ ಸಾವಯವ ಬಣ್ಣಕಣಗಳು 300 ಡಿಗ್ರಿಯಲ್ಲಿ ಬಾಳುವುದಿಲ್ಲ, ಲೋಹದ ಆಕ್ಸೈಡುಗಳು ಬಾಳುತ್ತವೆ.

ಬೇಯದ ಸಿಲಿಕೋನ್ ಬಣ್ಣ ಎಷ್ಟು ದುರ್ಬಲವೆಂದು ತಿಳಿಯಲು ಒಂದು ತುಂಡು ಕಬ್ಬಿಣದ ಪಟ್ಟಿಗೆ ಇದನ್ನೇ ಹೊಡೆದು ಎರಡು ದಿನ ಒಣಗಲು ಬಿಟ್ಟೆ. ಉಗುರಿನಿಂದ ಗೀರಿದರೆ ಗೀರು ಬೀಳಲಿಲ್ಲ, ಮುಟ್ಟಿದರೆ ಒಣ ಸ್ಲೇಟಿನಂತಿತ್ತು. ಪೆಟ್ರೋಲ್ ಅದ್ದಿದ ಬನಿಯನ್ ಬಟ್ಟೆಯಿಂದ ನಾಲ್ಕು ಸಲ ಉಜ್ಜಿದೆ. ಬಟ್ಟೆ ಕಾಡಿಗೆ ಒರೆಸಿದಂತೆ ಕಪ್ಪಾಯಿತು, ಕಬ್ಬಿಣ ಬಿಳಿಚಿಕೊಂಡಿತು. ಅದೇ ಪಟ್ಟಿಯ ಇನ್ನೊಂದು ತುದಿಯನ್ನು ಹಂತಹಂತವಾಗಿ ಬೇಯಿಸಿ, ತಣಿಸಿ, ಅದೇ ಬಟ್ಟೆಯ ಮತ್ತೊಂದು ಮೂಲೆಯಿಂದ ಐವತ್ತು ಸಲ ಉಜ್ಜಿದಾಗ ಬಟ್ಟೆಗೆ ಬಂದದ್ದು ನಸು ಬೂದು ಕಲೆ ಮಾತ್ರ. ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುವುದು ಹಳೆಯ ಬುಲೆಟ್ಟುಗಳ ಹುಟ್ಟುಗುಣ. ಹಾಗಾಗಿ ಎಂಜಿನ್ನಿಗೆ ಹೊಡೆಯುವವರೂ ಬೇಯಿಸದೆ ಗಾಡಿಯನ್ನು ಹೊರಗೆ ತೆಗೆಯಬಾರದು.

ಈ ಸಲ ಪೈಪನ್ನು ತಯಾರು ಮಾಡಿದ ಕ್ರಮವೂ ಬೇರೆ. ಹಳೆಯ ಕ್ರೋಮ್ ಬೆಂಡನ್ನು ತೆಗೆದಿಟ್ಟು ಕ್ರೋಮ್ ಇಲ್ಲದ ಬರಿಯ ಉಕ್ಕಿನ ಬೆಂಡ್ ಕೊಂಡೆ. ನುಣುಪಾದ ಕ್ರೋಮಿನ ಮೇಲೆ ಯಾವ ಬಣ್ಣಕ್ಕೂ ಹಿಡಿತ ಸಿಗದು; ಉಪ್ಪುಕಾಗದ ತಿಕ್ಕಿ ಹೊಡೆದರೆ ಒಂದು ಬೇಸಿಗೆ ಮರ್ಯಾದೆ ಉಳಿಸಿಕೊಂಡೀತು, ಅಷ್ಟೆ. ಪೈಪನ್ನು ಸ್ಯಾಂಡ್ ಬ್ಲಾಸ್ಟಿಂಗ್‌ಗೆ, ಎಂದರೆ ಗಾಳಿಯ ಒತ್ತಡದಲ್ಲಿ ಮರಳಿನಂಥ ಕಣಗಳನ್ನು ಎರಚಿ ಮೈ ಕೆರೆಯುವ ಕೆಲಸಕ್ಕೆ ಕೊಟ್ಟೆ. ಒರಟು ಬೂದು ಮೈ ಬಂತು, ಅದೇ ಬಣ್ಣ ಕಚ್ಚಲು ಬೇಕಾದ ಹಲ್ಲು. ಎಂಜಿನ್ನಿನ ಭಾಗಗಳನ್ನು ಬ್ಲಾಸ್ಟಿಂಗ್‌ಗೆ ಕೊಡುವವರಿಗೆ ಒಂದು ಮಾತು: ಆಯಿಲ್ ಹೋಗುವ ಒಂದೇ ಒಂದು ತೂತಿನಲ್ಲಿ ಒಂದು ಚಿಟಿಕೆ ಕಣ ಉಳಿದರೂ ಬೇರಿಂಗ್, ಬೋರ್ ಎರಡೂ ಹೋಗುತ್ತವೆ, ಆದ್ದರಿಂದ ಬ್ಲಾಕಿಗೆ ನಾನು ತಂತಿ ಬ್ರಷ್ಷನ್ನೇ ನೆಚ್ಚಿದೆ. ಬ್ಲಾಸ್ಟ್ ಆದ ಉಕ್ಕಿನ ವಿಷಯದಲ್ಲಿ ನಮ್ಮ ಹವೆಯನ್ನು ನಂಬುವಂತಿಲ್ಲ. ಶಿವಮೊಗ್ಗದಲ್ಲಿ ಬೆಳಿಗ್ಗೆ ಬೆಳ್ಳಗಿದ್ದ ಪೈಪು ಮನೆಗೆ ತಂದು ಇಳಿಸುವಾಗ ಮಧ್ಯಾಹ್ನಕ್ಕೆ ಬಾಯಿಯ ಬಳಿ ಚಹಾದ ಬಣ್ಣಕ್ಕೆ ತಿರುಗಿತ್ತು. ಅದನ್ನು ಮತ್ತೆ 120 ನಂಬರಿನ ಉಪ್ಪುಕಾಗದದಿಂದ ತೆಗೆದು, ಥಿನ್ನರಿನಲ್ಲಿ ಎರಡು ಸಲ ಒರೆಸಿ, ಬರಿಗೈಯಲ್ಲಿ ಮುಟ್ಟದೆ ಅದೇ ಸಂಜೆಗೆ ಮುಂಚೆ ಬಣ್ಣ ಹೊಡೆದೆ. ಸೀಮೆಎಣ್ಣೆಯಲ್ಲಿ ತೊಳೆದು ಬಿಡುವುದು ಸಾಲದು, ಅದು ಜಿಡ್ಡಿನ ಪೊರೆಯೊಂದನ್ನು ಹಿಂದೆ ಬಿಡುತ್ತದೆ.

ಜಿಡ್ಡಿನ ಮಾತು ಬಂದಾಗ ಒಂದು ದೂರು ಹೇಳಲೇಬೇಕು. ವಾಟರ್ ಸರ್ವಿಸ್ ಮಾಡಿಸಿದಾಗ ಕೊನೆಗೆ ಎಂಜಿನ್ನಿನ ಮೇಲೆಲ್ಲ ಡೀಸೆಲ್ ಸಿಂಪಡಿಸಿ ಮಿಂಚಿಸಿಕೊಡುವ ಪದ್ಧತಿ ನಮ್ಮ ಕಡೆ ಇದೆ. ಬೇಡವೆಂದು ಎರಡು ಸಲ ಹೇಳಿ ಹೋದರೂ ಒಂದು ಕಡೆ ಸಿಂಪಡಿಸಿಯೇ ಕೊಟ್ಟರು. ಬ್ಲಾಕಿನ ಬಣ್ಣ ಕೆರೆದು ಹೊಸದಾಗಿ ಹಚ್ಚುವ ಮುನ್ನಾದಿನ ಅದು. ಬೀಡು ಕಬ್ಬಿಣದ ಒರಟು ಮೈ ಎಣ್ಣೆಯನ್ನು ಹೀರಿ ಕುಳಿತು, ನಾನು ಸೋಪು, ಬಿಸಿನೀರು, ಥಿನ್ನರುಗಳಲ್ಲಿ ಒಂದು ಇಡೀ ಭಾನುವಾರ ಕಳೆಯಬೇಕಾಯಿತು. ಆ ಕಿಕ್ಕರಿನ ಬದಿಯ ಎರಡು ರೆಕ್ಕೆಗಳ ತುಕ್ಕಿಗೆ ಈ ಡೀಸೆಲ್ಲೇ ಮೂಲವೆಂದು ನನ್ನ ಅನುಮಾನ.

ಬಣ್ಣ ಹೊಡೆಯುವ ಕಾಲವನ್ನು ಆರಿಸುವುದೂ ಬಣ್ಣ ಆರಿಸುವುದರಷ್ಟೇ ಮುಖ್ಯ. ಗಾಳಿಯ ತೇವಾಂಶ ಶೇಕಡಾ 85 ದಾಟಿರುವಾಗ ಬಣ್ಣ ಹೊಡೆಯಬಾರದೆಂಬುದು ಪೇಂಟಿಂಗ್ ಕೆಲಸದ ಸಾಮಾನ್ಯ ನಿಯಮ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಈ ನಿಯಮ ಪಾಲಿಸಲು ಹೋದರೆ ಡಬ್ಬಿಯನ್ನು ತೆರೆಯಲು ಆಗುವುದೇ ಇಲ್ಲ. ಚಳಿಗಾಲದ ಬೆಳಗಿನಲ್ಲಿ ಕಬ್ಬಿಣದ ಮೈ ಇಬ್ಬನಿಯಿಂದ ಕಣ್ಣಿಗೆ ಕಾಣದಷ್ಟು ಒದ್ದೆಯಾಗಿರುತ್ತದೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ, ಹನ್ನೊಂದು ಗಂಟೆಯ ಮೇಲೆ, ಪೈಪನ್ನು ಅರ್ಧ ಗಂಟೆ ಬಿಸಿಲಿಗೆ ಕಾಯಿಸಿಕೊಂಡು ಹೊಡೆಯುವುದು ನನಗೆ ಹೊಂದಿದ ಕ್ರಮ. ಮೊದಲು ಮಂಜು ಬಿದ್ದಂತೆ ತೆಳುವಾಗಿ ಎರಡು ಸಲ, ಹತ್ತು ಹತ್ತು ನಿಮಿಷ ಬಿಟ್ಟು. ಆಮೇಲೆ ಲೋಹ ಪೂರ್ತಿ ಮುಚ್ಚುವಂತೆ ಒಂದು ಸಲ. ಇನ್ನೊಂದು ಕೈ ಹೊಡೆಯೋಣವೆನ್ನಿಸುವಾಗ ನಿಲ್ಲಿಸಬೇಕು. 60 ಸೆಂಟಿಮೀಟರ್ ಉದ್ದದ ಉಕ್ಕಿನ ಪೈಪು 300 ಡಿಗ್ರಿ ಕಾದರೆ ಸುಮಾರು ಎರಡು ಮಿಲಿಮೀಟರ್ ಹಿಗ್ಗುತ್ತದೆ, ಮಳೆ ಬಿದ್ದರೆ ಅಷ್ಟನ್ನೂ ಹಠಾತ್ತನೆ ಕುಗ್ಗುತ್ತದೆ. ತೆಳುವಾದ ಬಣ್ಣ ಅದರ ಜೊತೆ ಹಿಗ್ಗಿ ಕುಗ್ಗುತ್ತದೆ, ದಪ್ಪನೆಯದು ಸೀಳಿ ಹಕ್ಕಳೆಯೇಳುತ್ತದೆ.

ಬೇಯಿಸುವ ವಿಷಯದಲ್ಲಿ ನಾನು ಮಾಡಿದ ಮೂರ್ಖತನವನ್ನೂ ಹೇಳಿಬಿಡುತ್ತೇನೆ. ವಿಎಚ್‌ಟಿಯವರ ಕ್ರಮದಂತೆ 121 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ ಅರ್ಧ ಗಂಟೆ ತಣಿಸಬೇಕು, 204ರಲ್ಲಿ ಹಾಗೆಯೇ ಮತ್ತೊಮ್ಮೆ, ಕೊನೆಗೆ 316ರಲ್ಲಿ ಅರ್ಧ ಗಂಟೆ. ಅಡುಗೆಮನೆಯ ಓವನ್ನಿಗೆ ಬೆಂಡ್ ಪೈಪ್ ಹಿಡಿಸುವುದಿಲ್ಲ. ಹಿಡಿಸಿದರೂ ಮತ್ತೆ ಅದರಲ್ಲಿ ತಿನ್ನುವುದೇನನ್ನೂ ಬೇಯಿಸುವಂತಿಲ್ಲ. ಅಡಿಕೆ ಕೊಯ್ಲಿನ ಕಾಲ, ಅಂಗಳದಲ್ಲಿ ಅಡಿಕೆ ಬೇಯಿಸುವ ಒಲೆ ಉರಿಯುತ್ತಿತ್ತು. ಒಲೆಯ ಬಾಯಿಯ ಪಕ್ಕ ತಂತಿ ಕಟ್ಟಿ, ಬಣ್ಣ ಹೊಡೆದ ಪೈಪನ್ನು ನೇತುಹಾಕಿದೆ. ಒಂದು ಗಂಟೆಯಲ್ಲಿ ಬೆಂಕಿಯ ಕಡೆಯ ಮೈ ಗುಳ್ಳೆ ಎದ್ದಿತ್ತು, ಆಚೆಯ ಮೈ ಇನ್ನೂ ಹಸಿಯಾಗಿತ್ತು, ಹಂಡೆಯ ಹಬೆಗೆ ಎರಡರ ಮೇಲೂ ಮಸಿ ಕಲಸಿದ ಜಿನುಗು ಕುಳಿತಿತ್ತು. ಮತ್ತೆ ಬ್ಲಾಸ್ಟಿಂಗ್, ಮತ್ತೆ ಅರ್ಧ ಡಬ್ಬಿ. ಎರಡನೆಯ ಬಾರಿ ಪೈಪನ್ನು ಗಾಡಿಗೆ ಕೂರಿಸಿಯೇ ಬೇಯಿಸಿದೆ: ಹತ್ತು ನಿಮಿಷ ಐಡ್ಲಿಂಗ್, ಇಪ್ಪತ್ತು ನಿಮಿಷ ವಿರಾಮ, ಇಪ್ಪತ್ತು ನಿಮಿಷ ಐಡ್ಲಿಂಗ್, ಮತ್ತೆ ವಿರಾಮ, ಕೊನೆಗೆ ಅರ್ಧ ಗಂಟೆ. ಗಾಳಿಗೆ ತಣಿಯುವ ಎಂಜಿನ್ ನಿಂತಲ್ಲೇ ಅಷ್ಟು ಹೊತ್ತು ಓಡಿದರೆ ಮಿತಿ ಮೀರಿ ಕಾಯುವುದರಿಂದ ಬ್ಲಾಕಿನ ಕಡೆಗೆ ಟೇಬಲ್ ಫ್ಯಾನ್ ಇಟ್ಟಿದ್ದೆ, ಪೈಪಿಗೆ ಗಾಳಿ ತಾಗದಂತೆ ನಡುವೆ ಒಂದು ತಗಡು. ಹೊಗೆಯೂ ಕಟುವಾಸನೆಯೂ ಬರುತ್ತವೆ, ಗಾಬರಿಪಡಬೇಕಾದ್ದಿಲ್ಲ, ಆದರೆ ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಮಾಡಬಾರದು. ಮರುದಿನ ಆಗುಂಬೆಯವರೆಗೆ ಹೋಗಿ, ಘಾಟಿಯ 14 ತಿರುವುಗಳನ್ನು ಇಳಿದು ಮತ್ತೆ ಹತ್ತಿ ಬಂದೆ. ಆ ಏರು ಕೊಟ್ಟಷ್ಟು ಬಿಸಿಯನ್ನು ಯಾವ ಐಡ್ಲಿಂಗೂ ಕೊಡಲಾರದು.

ಎರಡು ಮಳೆಗಾಲದ ಬಳಿಕ ಇಂದಿನ ಸ್ಥಿತಿ ಹೀಗಿದೆ. ಹೆಡ್ಡಿನ ಬಳಿಯ ನಾಲ್ಕು ಬೆರಳಿನ ಜಾಗ ಕಪ್ಪಿನಿಂದ ಗಾಢ ಬೂದಿಗೆ ಇಳಿದಿದೆ, ಸಿಪ್ಪೆ ಎದ್ದಿಲ್ಲ. ನಡುಭಾಗ ಹೊಡೆದ ದಿನದಂತೆಯೇ ಇದೆ. ಕೆಳಗೆ, ಮುಂದಿನ ಚಕ್ರದ ಜಲ್ಲಿ ಬಡಿಯುವಲ್ಲಿ ಸಾಸಿವೆ ಕಾಳಿನಷ್ಟು ಗಾತ್ರದ ಏಳೆಂಟು ಗಾಯಗಳಾಗಿ ಅಲ್ಲಿ ತುಕ್ಕು ಕಾಣುತ್ತಿದೆ. ಬಣ್ಣದ ಮೈ ಮಬ್ಬಾದ್ದರಿಂದ ಒಣಗಿದ ಕೆಸರಿನ ಕಲೆ ಬಿಡಿಸುವುದು ಸ್ವಲ್ಪ ಕಷ್ಟ. ತೆಂಗಿನ ನಾರು ಹಾಕಿ ತಿಕ್ಕಿದರೆ ಆ ಜಾಗ ಹೊಳಪೇರಿ ಬೇರೆಯಾಗಿ ಕಾಣುತ್ತದೆ. ಸೈಲೆನ್ಸರಿಗೆ ಇಷ್ಟು ದುಬಾರಿ ಬಣ್ಣ ವ್ಯರ್ಥ. ಅದು ಹೊರಗಿನಿಂದ ಕೊಳೆಯುವುದಕ್ಕಿಂತ ಒಳಗಿನಿಂದ ಕೊಳೆಯುವುದೇ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಹಾಲಿನ ಡೈರಿಗೆ, ಅಂಗಡಿಗೆ ಎಂದು ಒಂದೆರಡು ಕಿಲೋಮೀಟರ್ ಮಾತ್ರ ಓಡಿಸುವವರ ಸೈಲೆನ್ಸರ್ ಆ ಆವಿ ಹೊರಹೋಗುವಷ್ಟು ಕಾಯುವುದೇ ಇಲ್ಲ. ಅದರ ತಳದಲ್ಲಿ ನೀರಿಳಿಯುವ ಸಣ್ಣ ತೂತಿದ್ದರೆ ಬಣ್ಣ ಹೊಡೆಯುವಾಗ ಅದು ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಡಬ್ಬಿಯ ಹೆಸರಿಗಿಂತ ದೊಡ್ಡ ವಿಷಯ. ಈಗ ಹುಡುಗರು ಪೈಪಿಗೆ ಸುತ್ತಿಸುತ್ತಿರುವ ನಾರುಪಟ್ಟಿ ನೋಡಲು ಠೀವಿಯಾಗಿದೆ, ಮಲೆನಾಡಿನಲ್ಲಿ ಮಾತ್ರ ಅದು ಒದ್ದೆ ಬಟ್ಟೆಯನ್ನು ಕಬ್ಬಿಣಕ್ಕೆ ಕಟ್ಟಿದ ಹಾಗೆ.

ನನ್ನನ್ನು ಕೇಳಿದರೆ ಬ್ಲಾಕಿಗೆ ಬ್ರಷ್ಷಿನ ಅಲ್ಯೂಮಿನಿಯಂ ಬಣ್ಣ ಸಾಕು. ಹೊಸ ಗಾಡಿಗಳ ಅಲ್ಯೂಮಿನಿಯಂ ಎಂಜಿನ್ನಿಗೆ 260 ಡಿಗ್ರಿಯ ಎಂಜಿನ್ ಎನಾಮೆಲ್ ತಂದರೆ ಬಣ್ಣಗಳ ಆಯ್ಕೆಯೂ ಹೆಚ್ಚು, ಹೊಳಪೂ ಉಳಿಯುತ್ತದೆ. ಬೆಂಡ್ ಪೈಪಿಗೆ 650 ಡಿಗ್ರಿಯ ಯಾವುದೇ ಒಳ್ಳೆಯ ಸಿಲಿಕೋನ್ ಸ್ಪ್ರೇ ಬ್ಲಾಸ್ಟ್ ಮಾಡಿದ ಬರಿಯ ಉಕ್ಕಿನ ಮೇಲೆ ನಿಂತೀತು. ದುಬಾರಿ ಡಬ್ಬಿಯನ್ನೇ ಕೊಳ್ಳಬೇಕೆಂಬ ಹಠ ನನಗಿಲ್ಲ, ಡಬ್ಬಿಗೆ ಕೊಡುವ ಹಣದಲ್ಲಿ ಅರ್ಧ ಉಳಿಸಿ ಬ್ಲಾಸ್ಟಿಂಗ್‌ಗೆ ಕೊಡುವುದು ಜಾಣತನ. ಎಂಜಿನ್ನಿಗೆ ಹೊಡೆಯುವಾಗ ಎಂಜಿನ್ ನಂಬರಿನ ಮೇಲೆ ಟೇಪ್ ಅಂಟಿಸುವುದನ್ನು ಮರೆಯಬಾರದು. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಹೋದಾಗ ದಪ್ಪ ಸಿಲ್ವರಿನ ಕೆಳಗೆ ಹೂತುಹೋದ ಅಂಕಿಗಳನ್ನು ಚಾಕುವಿನಿಂದ ಕೆರೆಯುತ್ತ ಆರ್‌ಟಿಓ ಅಂಗಳದಲ್ಲಿ ಕುಳಿತವರಲ್ಲಿ ನಾನೂ ಒಬ್ಬ.

ಈ ಫೆಬ್ರವರಿಯಲ್ಲಿ ಆ ಏಳೆಂಟು ಜಲ್ಲಿಗಾಯಗಳನ್ನು ಉಜ್ಜಿ, ಡಬ್ಬಿಯಲ್ಲಿ ಉಳಿದಿರುವ ಬಣ್ಣವನ್ನು ಅಲ್ಲಿಗಷ್ಟೇ ಹೊಡೆಯುವವನಿದ್ದೇನೆ. ಕಳೆದ ಸಲ ಕೆಲಸ ಮುಗಿದ ಮೇಲೆ ಡಬ್ಬಿಯನ್ನು ತಲೆಕೆಳಗು ಹಿಡಿದು ಬರಿಯ ಗಾಳಿ ಬರುವವರೆಗೆ ಒತ್ತಿಟ್ಟಿದ್ದರಿಂದ ಮೂತಿ ಕಟ್ಟಿಕೊಂಡಿಲ್ಲ. ಮೊನ್ನೆ ಹಳೆಯ ಪೇಪರಿನ ಮೇಲೆ ಒತ್ತಿ ನೋಡಿದೆ, ಸಣ್ಣಗೆ ಚೆನ್ನಾಗಿಯೇ ಬಂತು.